ಗುದ್ದಲಿಯಿಂದ ಪ್ರಶ್ನೆಪೆಟ್ಟಿಗೆಗೆ: ಎನ್‌ಎಸ್‌ಎಸ್‌ನಲ್ಲಿ ಆರೋಗ್ಯದ ಮಾತು ಬೆಳೆದ ಬಗೆ

ಯಾವ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಘಟಕದ ಹಳೆಯ ವಾರ್ಷಿಕ ವರದಿ ತೆಗೆದರೂ ಸಿಗುವುದು ಹೆಚ್ಚುಕಡಿಮೆ ಒಂದೇ ಪಟ್ಟಿ: ಇಷ್ಟು ಮೀಟರ್ ರಸ್ತೆ ದುರಸ್ತಿ, ಇಷ್ಟು ಇಂಗುಗುಂಡಿ, ಇಷ್ಟು ಸಸಿ, ಇಷ್ಟು ಯೂನಿಟ್ ರಕ್ತ. ಅಳೆದು ತೋರಿಸಬಹುದಾದದ್ದೆಲ್ಲ ಅಲ್ಲಿದೆ. ಅಳತೆಗೆ ಸಿಗದ ಇನ್ನೊಂದು ಕೆಲಸವನ್ನೂ ಈ ಸಂಸ್ಥೆ ಐದು ದಶಕ ಮಾಡಿಕೊಂಡು ಬಂದಿದೆ. ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು ತಮ್ಮ ವಾರಿಗೆಯವರ ಜೊತೆ ಕೂತು ಮೈಯ ಬಗ್ಗೆ, ಕಾಯಿಲೆ, ಚಟ, ಮನಸ್ಸಿನ ಬೇಗುದಿಗಳ ಬಗ್ಗೆ ಮಾತಾಡಿದ್ದಾರೆ. ತಿಳಿದದ್ದನ್ನು ಹೇಳಿದ್ದಾರೆ, ತಿಳಿಯದ್ದನ್ನು ಕೇಳಿಕೊಂಡು ಬಂದು ಹೇಳಿದ್ದಾರೆ. ವರದಿಯಲ್ಲಿ ಅದಕ್ಕೊಂದು ಕಲಂ ಇಲ್ಲ. ರಸ್ತೆ, ಸಸಿ, ಇಂಗುಗುಂಡಿಗಳ ಬಗ್ಗೆ ಈ ಸಂಚಿಕೆಯಲ್ಲಿ ಬೇರೆಯವರು ಬರೆದೇ ಬರೆಯುತ್ತಾರೆ. ನನ್ನ ಪಾಲಿಗೆ ಆ ಮಾತಿನ ಚರಿತ್ರೆ ಇರಲಿ.

ಯೋಜನೆ ಹುಟ್ಟುವಾಗ ಆರೋಗ್ಯ ಯಾರ ತಲೆಯಲ್ಲೂ ಮುಂದೆ ಇರಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ದೇಶಸೇವೆ ಮಾಡುವ ಏರ್ಪಾಡು ಬೇಕೆಂದಿತು. 1959ರಲ್ಲಿ ಸಿ.ಡಿ. ದೇಶಮುಖ್ ಸಮಿತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೈಸ್ಕೂಲು ಮುಗಿಸಿದವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆಯೇ ಇರಲಿ ಎಂದಿತು. ಖರ್ಚಿನ ಲೆಕ್ಕ ನೋಡಿದ ಸರ್ಕಾರ ಸುಮ್ಮನಾಯಿತು. ಮರುವರ್ಷ ಕೆ.ಜಿ. ಸೈಯದೈನ್ ಅವರು ಬೇರೆ ದೇಶಗಳಲ್ಲಿ ಇಂಥ ಕೆಲಸ ಹೇಗೆ ನಡೆದಿದೆ ಎಂದು ಅಭ್ಯಾಸ ಮಾಡಿ, ಕಡ್ಡಾಯ ಬೇಡ, ಮನಸ್ಸಿದ್ದವರು ಸೇರಲಿ ಎಂದು ವರದಿ ಕೊಟ್ಟರು. ಅಂತೂ ಗಾಂಧೀಜಿಯ ಜನ್ಮಶತಾಬ್ದಿಯ ಕಾಲಕ್ಕೆ, 1969ರ ಸೆಪ್ಟೆಂಬರ್ 24ರಂದು, ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ 40,000 ಸ್ವಯಂಸೇವಕರೊಡನೆ ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆ ಕೊಟ್ಟರು. ರಾವ್ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಹೋದವರು, ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಸ್ಥಾಪಿಸಿದವರು. ಅರ್ಥಶಾಸ್ತ್ರಜ್ಞರೊಬ್ಬರು ಶುರುಮಾಡಿದ ಯೋಜನೆ ದುಡ್ಡಿನ ವಿಷಯದಲ್ಲಿ ಎಂದೂ ಕೈಬಿಚ್ಚಲಿಲ್ಲ ಎಂಬುದು ಬೇರೆ ಮಾತು. ಬಹುಕಾಲ ಒಬ್ಬ ಸ್ವಯಂಸೇವಕನಿಗೆ ವರ್ಷಕ್ಕೆ 250 ರೂಪಾಯಿ, ವಿಶೇಷ ಶಿಬಿರಕ್ಕೆ ತಲೆಗೆ 450 ರೂಪಾಯಿ ಇತ್ತು. ಅದರಲ್ಲೇ ಏಳು ದಿನದ ಊಟ, ತಿಂಡಿ, ಬ್ಯಾನರು, ಬಸ್ಸು ಎಲ್ಲ ಮುಗಿಯಬೇಕು. ಶಿಬಿರದಲ್ಲಿ ಚಿತ್ರಾನ್ನ ಪದೇಪದೇ ಕಾಣಿಸಿಕೊಳ್ಳುವುದಕ್ಕೆ ಅಡುಗೆಯವರನ್ನು ದೂರಿ ಫಲವಿಲ್ಲ.

‘ನನಗಲ್ಲ, ನಿನಗೆ’ ಎಂಬ ಧ್ಯೇಯವಾಕ್ಯ, ಕೋನಾರ್ಕದ ಸೂರ್ಯದೇವಾಲಯದ ಚಕ್ರದ ಬ್ಯಾಡ್ಜು, ಎರಡು ವರ್ಷದಲ್ಲಿ 240 ಗಂಟೆಯ ಸೇವೆ, ಅದರ ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನದ ವಾರ್ಷಿಕ ವಿಶೇಷ ಶಿಬಿರ. ಚೌಕಟ್ಟು ಇಷ್ಟೇ. ನೂರು ಮಂದಿಯ ಒಂದು ಘಟಕ, ಅದಕ್ಕೊಬ್ಬ ಕಾರ್ಯಕ್ರಮಾಧಿಕಾರಿ, ಶಿಬಿರಕ್ಕೆ ಅದರಲ್ಲಿ ಐವತ್ತು ಮಂದಿ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರ ಮುಂದೆ ಹಾಡು, ನಾಟಕ. ವೇಳಾಪಟ್ಟಿಯಲ್ಲಿ ರಾತ್ರಿ ಹತ್ತಕ್ಕೆ ‘ದೀಪ ಆರಿಸುವುದು’ ಎಂದಿರುತ್ತದೆ.

ದೀಪ ಆರಿದ ಮೇಲಿನದೇ ನನಗೆ ಈ ಸಂಸ್ಥೆಯ ದೊಡ್ಡ ಕೊಡುಗೆ. ಸರ್ಕಾರಿ ಶಾಲೆಯ ಕೋಣೆ, ಗೋಡೆಯ ಮೇಲೆ ಮಗ್ಗಿ ಮತ್ತು ಮಾನವ ದೇಹದ ಚಿತ್ರ, ನೆಲಕ್ಕೆ ಹಾಸಿದ ಜಮಖಾನ, ಸಾಲಾಗಿ ಇಪ್ಪತ್ತೈದು ಹಾಸಿಗೆ. ಮನೆಯಿಂದ ಮೊದಲ ಸಲ ಏಳು ರಾತ್ರಿ ಹೊರಗಿರುವ ಮಕ್ಕಳು. ಒಬ್ಬನಿಗೆ ಬೀಡಿ ಬಿಡಬೇಕು, ಹೇಗೆಂದು ಗೊತ್ತಿಲ್ಲ. ಇನ್ನೊಬ್ಬನಿಗೆ ಮುಖದ ಮೊಡವೆ ದೊಡ್ಡ ಕಾಯಿಲೆಯೆಂಬ ಭಯ. ಪಕ್ಕದ ಕೋಣೆಯಲ್ಲಿ ಒಬ್ಬಳು ಮುಟ್ಟಿನ ಹೊಟ್ಟೆನೋವಿಗೆ ಮುದುರಿಕೊಂಡಿದ್ದಾಳೆ, ಮಾರನೆಯ ದಿನ ಗುದ್ದಲಿ ಹಿಡಿಯಲಾಗದು ಎಂದು ಮೇಷ್ಟ್ರಿಗೆ ಹೇಳಲು ಬಾಯಿ ಬಾರದು. ಕೊನೆಯ ವರ್ಷದ ಅಕ್ಕ ಒಬ್ಬಳು ಬಿಸಿನೀರಿನ ಬಾಟಲಿ ತಂದು ಕೊಟ್ಟು, ‘ಸುಮ್ನೆ ಮಲಕ್ಕೋ, ನಾನು ಹೇಳ್ತೀನಿ ಸರ್‌ಗೆ’ ಎನ್ನುತ್ತಾಳೆ. ಶಿಬಿರ ನಡೆಸಿದ ಯಾರನ್ನೇ ಕೇಳಿ, ಇಂಥದ್ದೊಂದು ನೆನಪು ಇದ್ದೇ ಇರುತ್ತದೆ. ಆರೋಗ್ಯ ಇಲಾಖೆ ಮುಂದೆ ಕೈಪಿಡಿ ಅಚ್ಚುಹಾಕಿಸಿ, ತರಬೇತಿ ಕೊಟ್ಟು ಸಾಧಿಸಲು ಹೊರಟದ್ದು ಇಲ್ಲಿ ಯಾರೂ ಯೋಜಿಸದೆ ತಾನಾಗಿ ನಡೆಯುತ್ತಿತ್ತು.

1970ರ ದಶಕದ ಶಿಬಿರಗಳಿಗೆ ದೆಹಲಿಯಿಂದಲೇ ವಿಷಯ ಗೊತ್ತುಮಾಡಿ ಕಳಿಸುತ್ತಿದ್ದರು. 1973ರಲ್ಲಿ ಬರಗಾಲದ ವಿರುದ್ಧ ಯುವಜನ, ಅದರ ಬೆನ್ನಿಗೆ ಕೊಳೆ ಮತ್ತು ರೋಗದ ವಿರುದ್ಧ ಯುವಜನ. ಆರೋಗ್ಯವೆಂದರೆ ಆಗ ಚರಂಡಿ, ಬಾವಿಗೆ ಬ್ಲೀಚಿಂಗ್ ಪೌಡರ್, ಇಂಗುಗುಂಡಿ. ಹೇಳುವವರು ವಿದ್ಯಾರ್ಥಿಗಳು, ಕೇಳಬೇಕಾದವರು ಹಳ್ಳಿಯವರು. ಪೇಟೆಯ ಹುಡುಗರು ಬಂದು ರೈತನಿಗೆ ಕೈತೊಳೆಯುವುದನ್ನು ಕಲಿಸುವ ಆ ನೋಟದಲ್ಲಿ ಸ್ವಲ್ಪ ಮುಜುಗರದ ಅಂಶ ಇತ್ತು. ಹಳ್ಳಿಯಿಂದಲೇ ಬಂದ ಸ್ವಯಂಸೇವಕರು ಹೆಚ್ಚಿದಂತೆ ಅದು ತಾನೇ ಕಡಿಮೆಯಾಯಿತು. 1980ರ ದಶಕದಲ್ಲಿ ಯೋಜನೆ ಪಿಯು ಹಂತಕ್ಕೂ ಇಳಿದಾಗ ಹದಿನಾರು ಹದಿನೇಳರ ಮಕ್ಕಳೂ ಸೇರಿದರು. 1995ರಿಂದ ಪಲ್ಸ್ ಪೋಲಿಯೊ ಬೂತುಗಳಲ್ಲಿ ಮಗುವಿನ ಎಡಗೈ ಕಿರುಬೆರಳಿಗೆ ಗುರುತು ಹಾಕುತ್ತ ಕುಳಿತವರಲ್ಲಿ ಎನ್‌ಎಸ್‌ಎಸ್ ಮಕ್ಕಳೂ ಇದ್ದರು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಾಗ ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಕರೆಯುವುದಾದರೆ ವೇದಿಕೆಯೂ ಸಾಲುತ್ತಿರಲಿಲ್ಲ ಅನ್ನಿ.

ರಕ್ತದ ಒಂದು ಹನಿ

ವಾರಿಗೆಯವರ ಆರೋಗ್ಯಪಾಠಕ್ಕೆ ನಿಜವಾದ ಶಾಲೆ ಆದದ್ದು ರಕ್ತದಾನ ಶಿಬಿರ. ಹಿಂದೆ ರಕ್ತ ಮಾರಿ ಬದುಕುವವರ ಒಂದು ವರ್ಗವೇ ಇತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ದುಡ್ಡಿಗಾಗಿ ರಕ್ತ ಕೊಡುವುದು ನಿಂತಿತು. ಆಸ್ಪತ್ರೆಗಳಿಗೆ ಇನ್ನು ದಾನಿಗಳೇ ಗತಿ. ಹದಿನೆಂಟು ತುಂಬಿದ, ಗಟ್ಟಿಮುಟ್ಟಾದ, ಒಂದೇ ಕಡೆ ನೂರಾರು ಸಂಖ್ಯೆಯಲ್ಲಿ ಸಿಗುವ ದಾನಿಗಳು ಕಾಲೇಜು ಬಿಟ್ಟರೆ ಬೇರೆಲ್ಲಿ? ಎನ್‌ಎಸ್‌ಎಸ್ ಘಟಕ ಇರುವ ಕಾಲೇಜಿನ ಹಾಲ್‌ಗೆ ರಕ್ತನಿಧಿಯ ವ್ಯಾನು ಬರುವುದು ವರ್ಷಾವಧಿ ಜಾತ್ರೆಯಷ್ಟೇ ಖಾತರಿಯಾಯಿತು.

ದಾನಿಯ ತೂಕ ಕನಿಷ್ಠ 45 ಕಿಲೊ, ಹಿಮೊಗ್ಲೋಬಿನ್ 12.5 ಗ್ರಾಂ ಇರಬೇಕು. ಅದನ್ನು ನೋಡುವ ಹಳೆಯ ಉಪಾಯ ಬಲು ಸರಳ. ಅಡಿಕೆ ತೋಟದವರಿಗೆ ಚೆನ್ನಾಗಿ ಪರಿಚಿತವಾದ ಮೈಲುತುತ್ತದ ನೀಲಿ ದ್ರಾವಣವನ್ನು ಲೆಕ್ಕದ ಸಾಂದ್ರತೆಗೆ ತಂದು ಗಾಜಿನ ಲೋಟದಲ್ಲಿ ಇಟ್ಟಿರುತ್ತಾರೆ. ಬೆರಳ ತುದಿ ಚುಚ್ಚಿ ಒಂದು ಹನಿ ಅದಕ್ಕೆ ಬಿಡುತ್ತಾರೆ. ಹನಿ ನೇರ ತಳಕ್ಕೆ ಹೋದರೆ ದಾನಿ ಮುಂದಿನ ಮೇಜಿಗೆ. ಅಲ್ಲೇ ತೂಗಾಡಿದರೆ, ಮೇಲೆ ತೇಲಿದರೆ, ‘ನಿಮಗೆ ಆಗಲ್ಲಮ್ಮ, ಹಿಮೊಗ್ಲೋಬಿನ್ ಕಮ್ಮಿ ಇದೆ.’

ಸಾಲಿನಲ್ಲಿ ನಿಂತ ಹುಡುಗಿಯರ ಹನಿಗಳು ಹೀಗೆ ತೇಲುತ್ತಿದ್ದವು. ಸ್ನೇಹಿತೆಯರ ಎದುರು, ಹುಡುಗರ ಎದುರು, ಉತ್ಸಾಹದಿಂದ ಬಂದವಳು ಬರಿಗೈಯಲ್ಲಿ ಹೊರಗೆ ಬರಬೇಕು. ದಾನ ಕೊಡಲು ಹೋದವಳಿಗೆ ತನಗೇ ರಕ್ತ ಸಾಲದು ಎಂದು ತಿಳಿದದ್ದು ಅಲ್ಲಿ. ಇದು ಒಂದಿಬ್ಬರ ಕಥೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಪಾಠದಲ್ಲಿ ಓದಿ ಮರೆತಿದ್ದ ಈ ಸಂಗತಿ ನೀಲಿ ಲೋಟದಲ್ಲಿ ಕಣ್ಣಿಗೆ ಕಂಡಾಗ ಹುಡುಗಿಯರು ತಮ್ಮತಮ್ಮಲ್ಲೇ ಲೆಕ್ಕ ಹಾಕತೊಡಗಿದರು: ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬಸ್ಸು ಹತ್ತುತ್ತಾರೆ, ಯಾರ ಮನೆಯಲ್ಲಿ ಹೆಂಗಸರ ಊಟ ಕೊನೆಯ ಪಂಕ್ತಿ, ಯಾರಿಗೆ ಮುಟ್ಟಿನಲ್ಲಿ ವಾರವಾದರೂ ರಕ್ತ ನಿಲ್ಲುವುದಿಲ್ಲ.

2013ರಿಂದ ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ ಬಂದಿತು. ಮಾತ್ರೆ ಕೈಗೆ ಬರುತ್ತಿತ್ತು, ಎಷ್ಟೋ ಸಲ ಬಾಯಿಗೆ ಹೋಗದೆ ಕಿಟಕಿಯಾಚೆ ಬೀಳುತ್ತಿತ್ತು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಅದರಿಂದ ಏನೋ ಆಗಿಬಿಡುತ್ತದೆ ಎಂಬ ಹೆದರಿಕೆ. ಡಾಕ್ಟರು ಬಂದು ಮೈಕಿನಲ್ಲಿ ‘ಕಡ್ಡಾಯವಾಗಿ ಸೇವಿಸತಕ್ಕದ್ದು’ ಎಂದರೆ ಹೆದರಿಕೆ ಹೋಗುವುದಿಲ್ಲ. ಪಕ್ಕದ ಬೆಂಚಿನವಳು, ‘ಖಾಲಿ ಹೊಟ್ಟೇಲಿ ತಗೋಬೇಡ ಕಣೆ, ಊಟ ಆದ್ಮೇಲೆ ತಗೋ, ಕಪ್ಪಾಗಿ ಹೋಗುತ್ತೆ ಅಷ್ಟೆ, ನಂಗೂ ಹಂಗೇ ಆಗಿತ್ತು. ಮೇಲೆ ಟೀ ಕುಡೀಬೇಡ, ನಿಂಬೆಹಣ್ಣಿನ ಪಾನಕ ಕುಡಿ’ ಎಂದರೆ ಹೋಗುತ್ತದೆ. ಇದರಲ್ಲಿ ಒಂದಕ್ಷರವೂ ವೈದ್ಯಶಾಸ್ತ್ರಕ್ಕೆ ವಿರುದ್ಧವಿಲ್ಲ. ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆ ಅದಕ್ಕೆ ನೆರವಾಗುತ್ತದೆ. ಡಾಕ್ಟರು ಹೇಳಬೇಕಿದ್ದುದನ್ನು ‘ನಂಗೂ ಹಂಗೇ ಆಗಿತ್ತು’ ಎನ್ನಬಲ್ಲವಳು ಹೇಳಿದಳು, ಅಷ್ಟೇ ವ್ಯತ್ಯಾಸ.

ಹೇಳಲಾಗದ ಕಾಯಿಲೆ

ಏಡ್ಸ್ ಬಂದಾಗ, ವಾರಿಗೆಯವರಿಗೆ ವಾರಿಗೆಯವರೇ ಹೇಳುವ ಇದೇ ದಾರಿಯನ್ನು ಸರ್ಕಾರ ಮೊದಲ ಸಲ ಗೊತ್ತಿದ್ದೇ ಹಿಡಿಯಿತು. ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದೂ ವಿದ್ಯಾರ್ಥಿನಿಯೊಬ್ಬರ ಕೈಯಿಂದ ಎಂಬುದನ್ನು ನಾವು ನೆನೆಯುವುದು ಕಡಿಮೆ. ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ಪ್ರೌಢಪ್ರಬಂಧಕ್ಕೆಂದು ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ವೃತ್ತಿಯ ಹೆಂಗಸರ ರಕ್ತದ ಮಾದರಿ ಸಂಗ್ರಹಿಸಿದರು. ಇಡಲು ಸೌಕರ್ಯವಿಲ್ಲದೆ ಮನೆಯ ಫ್ರಿಜ್ಜಿನಲ್ಲೇ ಇಟ್ಟುಕೊಂಡಿದ್ದು, 1986ರಲ್ಲಿ ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿಸಿದರು. ಆರು ಮಾದರಿಗಳು ಹಳದಿ ಬಣ್ಣಕ್ಕೆ ತಿರುಗಿದವು, ಅಂದರೆ ಅವುಗಳಲ್ಲಿ ಎಚ್‌ಐವಿ ಇತ್ತು.

1990ರ ದಶಕದ ಮೊದಲ ವರ್ಷಗಳಲ್ಲಿ ಎನ್‌ಎಸ್‌ಎಸ್ ಮೂಲಕ ‘ಯೂನಿವರ್ಸಿಟಿ ಟಾಕ್ ಏಡ್ಸ್’ ಕಾರ್ಯಕ್ರಮ ಕಾಲೇಜುಗಳಿಗೆ ಬಂದಿತು. ಕಾರ್ಯಕ್ರಮಾಧಿಕಾರಿಗೆ ತರಬೇತಿ, ಅವರಿಂದ ಆಯ್ದ ವಿದ್ಯಾರ್ಥಿಗಳಿಗೆ, ಅವರಿಂದ ಉಳಿದವರಿಗೆ. ಅದೇ ಹೊತ್ತಿಗೆ, 1992ರಲ್ಲಿ, ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಲೈಂಗಿಕ ವೃತ್ತಿಯವರನ್ನೇ ಆರೋಗ್ಯ ಶಿಕ್ಷಕರನ್ನಾಗಿ ಮಾಡಿ ಹೊಸ ದಾರಿ ತೋರಿಸುತ್ತಿದ್ದರು. ಮುಂದೆ ಮೈಸೂರಿನ ಆಶೋದಯ ಸಮಿತಿ ಅದೇ ಬಗೆಯಲ್ಲಿ ಬೆಳೆಯಿತು. ಕಾಲೇಜಿಗೂ ಸೋನಾಗಾಚಿಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಅಲ್ಲಿ ಹೇಳುವವರಿಗೆ ಬದುಕಿನ ಅನುಭವ ಇತ್ತು, ಹೇಳುವ ಹಕ್ಕನ್ನು ಅವರು ಹೋರಾಡಿ ಪಡೆದಿದ್ದರು. ಇಲ್ಲಿ ಕನ್ನಡ ಮಾಧ್ಯಮದ ಬಿ.ಎ. ಹುಡುಗ ‘ಕಾಂಡೋಮ್’ ಎಂಬ ಶಬ್ದವನ್ನು ಪ್ರಿನ್ಸಿಪಾಲರ ಎದುರು ಹೇಳಬೇಕಾಗಿತ್ತು. ಹಲವು ಕಾಲೇಜುಗಳಲ್ಲಿ ಆ ಶಬ್ದ ಬರುವ ಹೊತ್ತಿಗೆ ಪ್ರಿನ್ಸಿಪಾಲರಿಗೆ ಎಲ್ಲೋ ತುರ್ತು ಮೀಟಿಂಗು ಬರುತ್ತಿತ್ತು.

ಕನ್ನಡ ನಾಡಿನಲ್ಲಿ ಈ ಕಷ್ಟಕ್ಕೆ ಒಂದು ಸಿದ್ಧ ಹಾದಿ ಇತ್ತು, ಬೀದಿ ನಾಟಕ. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆ 1979ರ ಜಾಥಾದಲ್ಲಿ ಹಳ್ಳಿಹಳ್ಳಿಗೆ ನಾಟಕ ಒಯ್ದಿತ್ತು. 1990ರ ಸುತ್ತಿನ ಸಾಕ್ಷರತಾ ಆಂದೋಲನ ಆ ರೂಢಿಯನ್ನು ಇನ್ನಷ್ಟು ಹರಡಿತ್ತು. ತಮಟೆ ಬಡಿದು ವೃತ್ತ ಕಟ್ಟಿ ನಿಲ್ಲುವುದು ಎನ್‌ಎಸ್‌ಎಸ್ ಮಕ್ಕಳಿಗೆ ಹೊಸತಲ್ಲ. ಲಾರಿ ಡ್ರೈವರು, ಅವನ ಗೆಳೆಯ, ಊರಿನ ಗೌಡ, ನರ್ಸಮ್ಮ ಎಂಬ ಪಾತ್ರಗಳ ಬಾಯಲ್ಲಿ ಅವರು ಸ್ವಂತ ಬಾಯಲ್ಲಿ ಆಡಲಾಗದ್ದನ್ನು ಆಡಿದರು. ಆ ನಾಟಕಗಳಲ್ಲಿ ಒಂದು ದೋಷವಂತೂ ಇತ್ತು. ಕೊನೆಯಲ್ಲಿ ಡ್ರೈವರು ಸಾಯಲೇಬೇಕು. ಹೆದರಿಸಿದರೆ ಜನ ಎಚ್ಚರಾಗುತ್ತಾರೆ ಎಂಬ ನಂಬಿಕೆ ಆ ಕಾಲದ ಪೋಸ್ಟರುಗಳಲ್ಲೆಲ್ಲ ಇತ್ತು. ತಲೆಬುರುಡೆಯ ಚಿತ್ರ ಇಲ್ಲದ ಏಡ್ಸ್ ಪೋಸ್ಟರ್ ಅಪರೂಪ. ಅದರಿಂದ ಕಾಯಿಲೆಯ ಹೆದರಿಕೆಗಿಂತ ಕಾಯಿಲೆಯವರ ಹೆದರಿಕೆಯೇ ಹೆಚ್ಚು ಹರಡಿತು. 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧ ಉಚಿತವಾಗಿ ಸಿಗತೊಡಗಿದ ಮೇಲೆ ಡ್ರೈವರನ್ನು ಉಳಿಸುವ ಅವಕಾಶ ನಾಟಕ ಬರೆಯುವವರಿಗೂ ಬಂದಿತು.

ಆಮೇಲೆ ಬಂದದ್ದು ಎಚ್‌ಐವಿಯ ಅರಿವು ಮೂಡಿಸುವ ಕಾಲೇಜು ವಿದ್ಯಾರ್ಥಿಗಳ ರೆಡ್ ರಿಬ್ಬನ್ ಕ್ಲಬ್. 1997ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ನೆರವಿನಲ್ಲಿ, ಬಹುತೇಕ ಎನ್‌ಎಸ್‌ಎಸ್ ಘಟಕಗಳ ಆಸರೆಯಲ್ಲೇ ಈ ಕ್ಲಬ್ಬುಗಳು ನಡೆದವು. 2007ರ ಡಿಸೆಂಬರ್ 1ರಂದು ದೆಹಲಿಯಿಂದ ಹೊರಟ ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ರೈಲು ಅದೇ ಅರಿವು ಹೊತ್ತು ದೇಶ ಸುತ್ತಿತು. ವಿಚಿತ್ರವೆಂದರೆ ಅದೇ 2007ರಲ್ಲಿ, ಶಾಲೆಗಳಿಗೆಂದು ಕೇಂದ್ರ ರೂಪಿಸಿದ್ದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ‘ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ’ ಎಂದು ತಡೆದವು. ರೈಲು ನಿಲ್ದಾಣದಲ್ಲಿ ಹೇಳಬಹುದಾದದ್ದನ್ನು ತರಗತಿಯಲ್ಲಿ ಹೇಳಬಾರದು ಎಂದಂತಾಯಿತು. ಪಠ್ಯದಲ್ಲಿ ಮುಚ್ಚಿದ ಬಾಗಿಲು ಎನ್‌ಎಸ್‌ಎಸ್ ಕೋಣೆಯಲ್ಲಿ ಅರ್ಧ ತೆರೆದೇ ಇತ್ತು ಎಂಬುದಷ್ಟೇ ಸಮಾಧಾನ.

ಅರ್ಧ ತೆರೆದ ಆ ಬಾಗಿಲಲ್ಲಿ ನಡೆದ ಒಂದು ಕ್ರಮವನ್ನು ಇಲ್ಲಿ ವಿವರಿಸಬೇಕು. ಅದೇ ಪ್ರಶ್ನೆಪೆಟ್ಟಿಗೆ. ಚಪ್ಪಲಿಯ ಖಾಲಿ ಡಬ್ಬಿ, ಮೇಲೆ ಬ್ಲೇಡಿನಲ್ಲಿ ಕೊಯ್ದ ಸೀಳು, ಸುತ್ತ ಬಣ್ಣದ ಕಾಗದ. ಕಾರ್ಯಕ್ರಮದ ಹಿಂದಿನ ದಿನ ಎಲ್ಲರಿಗೂ ಒಂದೇ ಅಳತೆಯ ಚೀಟಿ ಹಂಚುತ್ತಾರೆ. ಪ್ರಶ್ನೆ ಇದ್ದವರೂ ಇಲ್ಲದವರೂ ಮಡಿಸಿ ಹಾಕಲೇಬೇಕು. ಇಲ್ಲದವರು ‘ನಮಸ್ಕಾರ’ ಎಂದಾದರೂ ಬರೆಯಬೇಕು. ಇಲ್ಲದಿದ್ದರೆ ಯಾರು ಬರೆದರು ಎಂದು ಪತ್ತೆಯಾಗಿಬಿಡುತ್ತದೆ. ಈ ಸೂಕ್ಷ್ಮ ಹುಡುಗರಿಗೇ ಹೊಳೆಯುವಂಥದ್ದು. ಸಂಜೆ ನಾಲ್ಕಾರು ಹಿರಿಯ ಸ್ವಯಂಸೇವಕರು ಬಾಗಿಲು ಹಾಕಿಕೊಂಡು ಚೀಟಿ ಬಿಡಿಸುತ್ತಾರೆ. ಕೀಟಲೆಯವು ಒಂದು ಗುಡ್ಡೆ, ತಾವೇ ಉತ್ತರಿಸಬಲ್ಲವು ಇನ್ನೊಂದು, ಡಾಕ್ಟರಿಗೇ ಬಿಡಬೇಕಾದವು ಮತ್ತೊಂದು. ಮುತ್ತು ಕೊಟ್ಟರೆ ಏಡ್ಸ್ ಬರುತ್ತದೆಯೇ, ಸೊಳ್ಳೆಯಿಂದ ಬರುತ್ತದೆಯೇ, ಒಂದೇ ಬ್ಲೇಡಿನ ಕ್ಷೌರದಿಂದ? ಸ್ವಪ್ನಸ್ಖಲನ ಆದರೆ ಶಕ್ತಿ ಹೋಗುತ್ತದೆಯೇ? ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತಿನ ಡಾಕ್ಟರನ್ನು ನಂಬಬಹುದೇ? ನಡುವೆ ಒಂದೊಂದು ಚೀಟಿಯನ್ನು ಓದಿದವರು ಮಾತಿಲ್ಲದೆ ಕಾರ್ಯಕ್ರಮಾಧಿಕಾರಿಯ ಕೈಗೆ ಕೊಡುತ್ತಾರೆ. ಮನೆಯಲ್ಲೇ, ಹತ್ತಿರದವರಿಂದಲೇ ಆಗುತ್ತಿರುವ ಹಿಂಸೆಯ ಚೀಟಿ ಅದು. ಬರೆದವರು ಯಾರೆಂದು ತಿಳಿಯದು. ಮಾರನೆಯ ದಿನ ಹೆಸರಿಲ್ಲದೆ ಎಲ್ಲರಿಗೂ ಕೇಳುವ ಹಾಗೆ, ಇಂಥದ್ದಾದರೆ ಯಾರ ಬಳಿ ಹೋಗಬಹುದು, ಮಕ್ಕಳ ಸಹಾಯವಾಣಿ 1098 ಏನು ಮಾಡುತ್ತದೆ ಎಂದು ಹೇಳಬೇಕು. ಬೇರೆ ದಾರಿ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಡಿಸೆಂಬರ್ ಒಂದರ ವಿಶ್ವ ಏಡ್ಸ್ ದಿನದ ಹತ್ತು ಜಾಥಾಗಳಿಗೆ ಇಂಥ ಒಂದು ಡಬ್ಬಿ ಸಮ. ಜಾಥಾ ಬೇಡವೆನ್ನುತ್ತಿಲ್ಲ. ಫಲಕ ಹಿಡಿದು ಪೇಟೆ ಸುತ್ತಿ, ತಹಶೀಲ್ದಾರರು ಹಸಿರು ನಿಶಾನೆ ತೋರಿ, ಫೋಟೊ ತೆಗೆಸಿ, ಬಾಳೆಹಣ್ಣು ಬಿಸ್ಕತ್ತು ಹಂಚಿ ಮುಗಿಯುವ ಆ ಎರಡು ಗಂಟೆಯನ್ನೇ ಆರೋಗ್ಯ ಶಿಕ್ಷಣ ಎಂದು ಲೆಕ್ಕಕ್ಕೆ ಬರೆದುಕೊಂಡದ್ದು ನಮ್ಮ ಸಂಸ್ಥೆಯ ದೊಡ್ಡ ಚಾಳಿ. ಮೇಲಿನಿಂದ ಸುತ್ತೋಲೆ ಬಂದ ದಿನಾಚರಣೆಗಳು ಒಂದರ ಮೇಲೊಂದು ಪೇರಿದಂತೆ ಮಕ್ಕಳಿಗೆ ಮಾತಾಡಲು ಉಳಿದ ಸಮಯ ಕಡಿಮೆಯಾಗುತ್ತ ಹೋಯಿತು. ವರದಿ ಕಳಿಸುವ ಕಾರ್ಯಕ್ರಮಾಧಿಕಾರಿಯನ್ನೂ ದೂರಲಾಗದು. ಅವರು ಪಾಠವನ್ನೂ ಮಾಡಬೇಕು, ಪರೀಕ್ಷೆಯ ಕೆಲಸವನ್ನೂ ಮಾಡಬೇಕು.

ತಂಬಾಕಿನ ಕೆಲಸ ಈ ಚಾಳಿಗೆ ಅಪವಾದ. 2003ರ ಕೋಟ್ಪಾ ಕಾಯ್ದೆ ಶಾಲೆ ಕಾಲೇಜುಗಳ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎನ್ನುತ್ತದೆ. ಟೇಪು ಹಿಡಿದು ಗೇಟಿನಿಂದ ಅಳೆದು ರಸ್ತೆಗೆ ಹಳದಿ ಗೆರೆ ಎಳೆಯುವುದು ಕಣ್ಣಿಗೆ ಕಾಣುವ, ಹುಡುಗರಿಗೆ ಹುರುಪು ತರುವ ಕೆಲಸ. 2013ರ ಮೇ ತಿಂಗಳಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಗೆ ಮತ್ತೆ ಬಂದವು. ಇದನ್ನು ಮೊದಲು ಗಮನಿಸಿ ಹೇಳಬಲ್ಲವರೂ ಆ ಅಂಗಡಿಯ ಮುಂದೆ ನಿಲ್ಲುವ ವಯಸ್ಸಿನವರೇ.

ಕಾಲೇಜಿನಾಚೆಗೆ

ಕಾಲೇಜು ಮೆಟ್ಟಿಲು ಹತ್ತದ ಮಕ್ಕಳಿಗೆ ಎನ್‌ಎಸ್‌ಎಸ್ ಏನೂ ಅಲ್ಲ. ಈ ಕೊರತೆಯನ್ನು ತುಂಬಲೆಂದೇ ಬಂದಂತಿತ್ತು 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ. 10ರಿಂದ 19 ವಯಸ್ಸಿನವರ ಪೌಷ್ಟಿಕತೆ, ಲೈಂಗಿಕ ಹಾಗೂ ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವ್ಯಸನ, ಅಸಾಂಕ್ರಾಮಿಕ ರೋಗಗಳು ಎಂಬ ಆರು ವಿಷಯ. ಆಶಾ ಕಾರ್ಯಕರ್ತೆಯ ವ್ಯಾಪ್ತಿಯಲ್ಲಿ ಇಬ್ಬರು ಹುಡುಗರು, ಇಬ್ಬರು ಹುಡುಗಿಯರನ್ನು ಆರಿಸಿ ತರಬೇತಿ ಕೊಡುವುದು; ಒಬ್ಬೊಬ್ಬರೂ ಹದಿನೈದು ಇಪ್ಪತ್ತು ವಾರಿಗೆಯವರ ಗುಂಪು ಕಟ್ಟಿ ವಾರಕ್ಕೊಮ್ಮೆ ಕೂರುವುದು; ಸಿಗದ ಉತ್ತರಕ್ಕೆ, ಬೇಕಾದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್. ಕಾಗದದ ಮೇಲೆ ಇದಕ್ಕಿಂತ ಚೆಂದದ ಏರ್ಪಾಡು ಇಲ್ಲ. ತರಬೇತಿ ಪಡೆದ ಹುಡುಗಿಗೆ ಮದುವೆಯಾಗಿ ಬೇರೆ ಊರು, ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ. ಆ ಜಾಗಕ್ಕೆ ಹೊಸಬರು, ಹೊಸ ತರಬೇತಿ. ಎನ್‌ಎಸ್‌ಎಸ್ ಐವತ್ತು ವರ್ಷದಿಂದ ಅನುಭವಿಸಿದ ಕಷ್ಟವೇ ಇದು: ಎರಡು ವರ್ಷಕ್ಕೊಮ್ಮೆ ಇಡೀ ಮನೆಯೇ ಖಾಲಿಯಾಗಿ ಮತ್ತೆ ತುಂಬುತ್ತದೆ.

ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ನಿಮ್ಹಾನ್ಸ್‌ನ ಎಪಿಡೆಮಿಯಾಲಜಿ ವಿಭಾಗವೂ ಸೇರಿ ನಡೆಸಿದ ‘ಯುವ ಸ್ಪಂದನ’ ಇದಕ್ಕೆ ಬೇರೆ ಪರಿಹಾರ ಹುಡುಕಿತು. ಯುವ ಸಮಾಲೋಚಕರು, ಯುವ ಪರಿವರ್ತಕರು ಎಂದು ಯುವಜನರನ್ನೇ ಆರಿಸಿ, ಜೀವನ ಕೌಶಲದ ತರಬೇತಿ ಕೊಟ್ಟು, ಜಿಲ್ಲೆಗಳಲ್ಲಿ ಕೇಂದ್ರ ತೆರೆಯಿತು. ಜಿಲ್ಲಾ ಕ್ರೀಡಾಂಗಣದ ಆವರಣದಲ್ಲಿ ಈ ಕೇಂದ್ರ ಇಟ್ಟದ್ದು ಜಾಣತನ. ‘ಮಾನಸಿಕ’ ಎಂಬ ಬೋರ್ಡು ನೋಡಿ ಹಿಂದಕ್ಕೆ ಸರಿಯುವ ಹುಡುಗ ಕ್ರೀಡಾಂಗಣಕ್ಕೆ ಓಡಲು ಬಂದವನ ಹಾಗೆ ಒಳಗೆ ಹೋಗಬಹುದು. ಪರೀಕ್ಷೆಯ ಭಯ, ಪ್ರೇಮಭಂಗ, ಮನೆಯ ಜಗಳ, ಕೆಲಸ ಸಿಗದ ಕೊರಗು, ಎಲ್ಲವೂ ಅಲ್ಲಿಗೆ ಬಂದವು. ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕೆಎಚ್‌ಪಿಟಿ ಸಂಸ್ಥೆಯ ‘ಸ್ಫೂರ್ತಿ’ ಯೋಜನೆ ಹದಿಹರೆಯದ ಹುಡುಗಿಯರಲ್ಲೇ ಕೆಲವರನ್ನು ಇತರರಿಗೆ ಮಾದರಿಯಾಗುವಂತೆ ಬೆಳೆಸಿತು. ಬಾಲ್ಯವಿವಾಹ ಇನ್ನೂ ಪೂರ್ತಿ ಹೋಗದ ಸೀಮೆಯಲ್ಲಿ ಓದು ಮುಂದುವರಿಸಿದ ಹುಡುಗಿಯ ಮಾತಿಗೆ ಬರುವ ತೂಕ ಅಧಿಕಾರಿಯ ಭಾಷಣಕ್ಕೆ ಬಾರದು.

ಇಷ್ಟೆಲ್ಲ ಮಾಡಿದ್ದರಿಂದ ಆದದ್ದೇನು? ಅಭಿನಂದನೆಯ ಸಂಚಿಕೆಯಲ್ಲೂ ಈ ಪ್ರಶ್ನೆ ಕೇಳಬೇಕು. ವಾರಿಗೆಯವರ ಶಿಕ್ಷಣದ ಬಗ್ಗೆ ಲೋಕದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಹೇಳುವುದು ಅಷ್ಟೇನೂ ಹಿತವಾಗಿಲ್ಲ. ತಿಳಿವಳಿಕೆ ಹೆಚ್ಚುತ್ತದೆ, ನಡವಳಿಕೆ ಅಷ್ಟು ಬದಲಾಗುವುದಿಲ್ಲ. ಲಾಭ ಹೆಚ್ಚಾಗಿ ಆಗುವುದು ತರಬೇತಿ ಪಡೆದು ಹೇಳಿಕೊಡುವವರಿಗೇ. ಆಸ್ಪತ್ರೆಯ ಸೇವೆ ಬೆನ್ನಿಗಿಲ್ಲದೆ ಬರೀ ಮಾತು ಹೆಚ್ಚು ದೂರ ಹೋಗದು. ನಮ್ಮ ಅನುಭವವೂ ಇದನ್ನೇ ಹೇಳುತ್ತದೆ. ರಕ್ತದಾನ ಕಾಲೇಜುಗಳಲ್ಲಿ ಬೇರೂರಿತು, ಏಕೆಂದರೆ ರಕ್ತನಿಧಿ ಬಾಗಿಲಿಗೇ ಬಂದಿತು. ಎಚ್‌ಐವಿಯ ಮಾತು ಗಟ್ಟಿಯಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ (ಐಸಿಟಿಸಿ) ತೆರೆದು, ‘ಹೋಗಿ ಪರೀಕ್ಷೆ ಮಾಡಿಸಿಕೋ, ಹೆಸರು ಹೊರಗೆ ಬರಲ್ಲ’ ಎಂದು ಗೆಳೆಯನಿಗೆ ಹೇಳುವಂತಾದ ಮೇಲೆ. ಮನಸ್ಸಿನ ಆರೋಗ್ಯದ ಮಾತಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಅಂಥ ಬಾಗಿಲು ಒದಗಿಸಿತು. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಬಾಗಿಲು ಇಲ್ಲದ ಕಡೆ ಹದಿನೆಂಟರ ಹುಡುಗಿಯನ್ನು ಸಂಬಳವಿಲ್ಲದ ಆರೋಗ್ಯ ಕಾರ್ಯಕರ್ತೆಯಾಗಿ ನಿಲ್ಲಿಸುವುದು ಅನ್ಯಾಯ. ಗೆಳತಿಯ ಆತ್ಮಹತ್ಯೆಯ ಯೋಚನೆಯನ್ನು ಕೇಳಿಸಿಕೊಂಡ ಹುಡುಗಿ ಆ ಭಾರ ಹೊತ್ತು ರಾತ್ರಿ ಒಬ್ಬಳೇ ಇರಬೇಕಾದರೆ ತಪ್ಪು ಅವಳನ್ನು ಆರಿಸಿದವರದು.

ಹೇಳಿಕೊಡುವವರಿಗೇ ಲಾಭ ಹೆಚ್ಚು ಎಂಬುದನ್ನು ಮಾತ್ರ ನಾನು ಸೋಲೆಂದು ಎಣಿಸುವುದಿಲ್ಲ. ಇಂದು ದೇಶದಲ್ಲಿ ಎನ್‌ಎಸ್‌ಎಸ್ ಸ್ವಯಂಸೇವಕರು ಸುಮಾರು 40 ಲಕ್ಷ. ಎರಡು ವರ್ಷಕ್ಕೊಮ್ಮೆ ಇವರು ಬದಲಾಗುತ್ತಾರೆ ಎಂಬುದು ಸಂಸ್ಥೆಗೆ ತಲೆನೋವು, ಊರುಗಳಿಗೆ ಲಾಭ. ಹಿಂದೆ ಚೀಟಿ ಬಿಡಿಸಿ ಉತ್ತರ ಹುಡುಕಿದವರು ಇಂದು ಶಾಲೆಯಲ್ಲಿ ಮೇಷ್ಟ್ರು, ಪಿಡಿಒ, ಸ್ಟಾಫ್ ನರ್ಸ್, ಬಸ್ ಕಂಡಕ್ಟರ್, ತಾಯಿ, ತಂದೆ. ಮಗಳ ಮೊದಲ ಮುಟ್ಟಿಗೆ ಮನೆಯ ಮೂಲೆ ತೋರಿಸದ ತಾಯಿ ಎಂದೋ ಒಂದು ಶಿಬಿರದಲ್ಲಿ ಇನ್ನೊಬ್ಬಳ ಕೈಗೆ ಬಿಸಿನೀರಿನ ಬಾಟಲಿ ಕೊಟ್ಟವಳಿರಬಹುದು. ಅದನ್ನು ಎಣಿಸುವ ಸಮೀಕ್ಷೆ ಇಲ್ಲ.

ಮುಂದಿನ ದಾರಿಗೆ ನನ್ನ ಕಡೆಯಿಂದ ಹೆಚ್ಚು ಸಲಹೆಗಳಿಲ್ಲ. ದಿನಾಚರಣೆಗಳನ್ನು ಅರ್ಧಕ್ಕೆ ಇಳಿಸಲಿ. ಪ್ರತಿ ಘಟಕಕ್ಕೂ ಹತ್ತಿರದ ಸ್ನೇಹ ಕ್ಲಿನಿಕ್ಕಿನ ಆಪ್ತಸಮಾಲೋಚಕರ ಹೆಸರು, ಫೋನು ಗೊತ್ತಿರಲಿ, ಅವರು ವರ್ಷದಲ್ಲಿ ಎರಡು ಸಲವಾದರೂ ಬಂದು ಮಕ್ಕಳ ಜೊತೆ ಕೂರಲಿ. ಶಿಬಿರದ ವೇಳಾಪಟ್ಟಿಯಲ್ಲಿ ಒಂದು ಸಂಜೆ ಭಾಷಣವಿಲ್ಲದೆ ಖಾಲಿ ಇರಲಿ. ಹೋಗುವ ತಂಡ ಬರುವ ತಂಡಕ್ಕೆ, ಯಾವ ಪ್ರಶ್ನೆಗಳು ಬಂದವು, ಏನು ಉತ್ತರ ಕೊಟ್ಟೆವು, ಯಾವುದಕ್ಕೆ ಕೊಡಲಾಗಲಿಲ್ಲ ಎಂದು ಹೆಸರುಗಳಿಲ್ಲದೆ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಹೋಗಲಿ. ಐವತ್ತು ವರ್ಷದಲ್ಲಿ ಈ ಒಂದು ನೋಟುಬುಕ್ಕು ಇಡದಿದ್ದುದರಿಂದ ಪ್ರತಿ ತಂಡವೂ ಮೊದಲಿನಿಂದ ಶುರುಮಾಡಬೇಕಾಗಿದೆ.

ಹಳೆಯ ಸ್ವಯಂಸೇವಕರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಶಿಬಿರದ ದಿನಚರಿ, ಬೀದಿ ನಾಟಕದ ಕೈಬರಹದ ಪ್ರತಿ, ಫೋಟೊ, ಕಾರ್ಯಕ್ರಮದ ಕರಪತ್ರ ಏನೇ ಇದ್ದರೂ ನೀವು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ. ಇಲ್ಲದಿದ್ದರೆ ನಿಮಗೆ ನೆನಪಿರುವ ಒಂದು ರಾತ್ರಿಯ ಮಾತುಕತೆಯನ್ನು, ಯಾರ ಹೆಸರನ್ನೂ ಹಾಕದೆ, ಒಂದು ಪುಟದಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯನ್ನು ತರುವವರಿಗೆ ಸಸಿ, ರಸ್ತೆಗಳ ಲೆಕ್ಕ ವರದಿಯಲ್ಲೇ ಸಿಗುತ್ತದೆ. ಇದು ನಿಮ್ಮಿಂದಲ್ಲದೆ ಬೇರೆಲ್ಲೂ ಸಿಗದು.